ದೊಡ್ಡಕ್ಷರ

ಉಷಂಗಿಯ ಗುಡಾಣಗಳು ನೆಲದೊಳಗೆ ಹೂಳುವಂಥವು.
ಆಳೆತ್ತರ. ಹೊಟ್ಟೆ ದಪ್ಪ, ಬುಡ ಚೂಪು.
ದ್ರಾಕ್ಷಿರಸ ತುಂಬಿ, ಬಾಯಿಗೆ ಮಣ್ಣು ಮೆತ್ತಿ
ಚಳಿಗಾಲವಿಡೀ ಮರೆತುಬಿಡುತ್ತಾರೆ ನಮ್ಮ ಇಮೆರೆತಿಯಲ್ಲಿ.
ಮಾರುವುದಕ್ಕೆ ಮಾತ್ರ ಈಗ ವೆಬ್‌ಸೈಟು ಬೇಕು.
ಮೂರು ವರ್ಷದ ಹಿಂದೆ ಕಟ್ಟಿಕೊಟ್ಟವಳು ನಾನೇ,
ಬಿಟ್ಟಿ ಸಿಕ್ಕ ಒಂದು ಥೀಮಿನ ಮೇಲೆ.

ಮಂಗಳವಾರ ರಾತ್ರಿ ಥೀಮು ತನ್ನಷ್ಟಕ್ಕೆ ಅಪ್‌ಡೇಟ್ ಆಯಿತು.
ಬುಧವಾರ ಬೆಳಿಗ್ಗೆ ಫೋನು:
"ಮಾಕ್ವಾಲ, ನನ್ನ ಹೆಸರೆಲ್ಲಿ?"

ಹೋಗಿ ನೋಡಿದರೆ ನಿಜ.
ಪ್ಯಾರಾಗಳು ನೆಟ್ಟಗಿವೆ, ಚಿತ್ರಗಳು ನೆಟ್ಟಗಿವೆ,
ತಲೆಬರಹ ಇರಬೇಕಾದಲ್ಲೆಲ್ಲ
ಖಾಲಿ ಚೌಕ, ಖಾಲಿ ಚೌಕ, ಖಾಲಿ ಚೌಕ.
ಉಷಂಗಿ ಅಂದರೆ ನಮ್ಮ ಬರಹದಲ್ಲಿ ಆರು ಚೌಕ.
ಹೆಂಡತಿ ತ್ಸಿಯಾಲ ಹಿಟ್ಟಿನ ಕೈಯಲ್ಲೇ ಬಂದು ಬಗ್ಗಿ
"ಆಗಲೇ ಪೆಟ್ಟಿಗೆಗೆ ತುಂಬಿಬಿಟ್ಟಿರಾ?" ಎಂದಳು.

ಫಾಂಟು ಬದಲಿಸಿದೆ. ಚೌಕ.
ಇನ್ನೊಂದು ಹಾಕಿದೆ. ಚೌಕ.
ಕ್ಯಾಶೆ ಒರೆಸಿದೆ. ಚೌಕ.
ಪ್ಲಗಿನ್ನುಗಳನ್ನು ಒಂದೊಂದಾಗಿ ಆರಿಸುತ್ತ ಹೋದೆ,
ಮದುವೆ ಮುಗಿದ ಮನೆಯ ದೀಪ ಆರಿಸುವ ಹಾಗೆ;
ಆರ್ಡರ್ ಫಾರಮ್ಮೂ ಮಾಯವಾಗಿ
ಕೊನೆಗುಳಿದದ್ದು ಚೌಕಗಳೇ, ಮೊದಲಿಗಿಂತ ಗಟ್ಟಿಯಾಗಿ.

ಹೆಡರಿನ ಟೆಂಪ್ಲೇಟು ತೆರೆದೆ. ಅಲ್ಲಿ ಅವನ ಹೆಸರು
ಎಲ್ಲ ಅಕ್ಷರ ಸಮೇತ
ಏನೂ ಆಗೇ ಇಲ್ಲವೆಂಬಂತೆ ಕೂತಿತ್ತು.
ಒಳಗೆ ಇದೆ, ಹೊರಗೆ ಇಲ್ಲ.
ದೇವರು ವರ ಕೊಟ್ಟರೂ ಪೂಜಾರಿ ಕೊಡ.

ನನ್ನದೂ ಒಂದು ತಪ್ಪಿತ್ತು, ಹೇಳಲಿಲ್ಲ:
ಅಂದು ಅವಸರದಲ್ಲಿ, ಮರಿ ಥೀಮು ಮಾಡದೆ,
ಮೂಲಕ್ಕೇ ಕೈ ಹಾಕಿದ್ದೆ.
ನನ್ನ ಬಣ್ಣ, ನನ್ನ ಅಂಚು ಎಲ್ಲವನ್ನೂ
ಅಪ್‌ಡೇಟು ತೊಳೆದುಕೊಂಡು ಹೋಗಿತ್ತು.
ಸುಟ್ಟಮಣ್ಣಿನ ಕೆಂಪು ಹೋಗಿ
ಯಾವುದೋ ಆಸ್ಪತ್ರೆಯ ನೀಲಿ.

ಉಷಂಗಿ ಸ್ಟೂಲು ಎಳೆದುಕೊಂಡು ಪಕ್ಕಕ್ಕೆ ಕೂತ.
"ಈ ಅಚ್ಚು ಮಾಡಿದವನು ಯಾರು?"
ಗೊತ್ತಿಲ್ಲ. ಎಲ್ಲೋ ಇದ್ದಾನೆ.
"ನಮ್ಮಕ್ಷರ ಕಂಡಿದ್ದಾನಾ?"
ಇರಲಾರದು.
ಅಚ್ಚಿಲ್ಲದೆ ಕಟ್ಟುವವನು ಅವನು: ದಿನಕ್ಕೊಂದು ಗೇಣು;
ನಿನ್ನೆಯ ಮಣ್ಣು ಇವತ್ತಿನದನ್ನು ಹೊರುವಷ್ಟು ಬಿಗಿಯುವ ತನಕ
ಮುಂದಿನ ಸುತ್ತು ಮುಟ್ಟುವುದಿಲ್ಲ.
"ಸೋರಿದ ಕಡೆ ಬಿರುಕಿರುವುದಿಲ್ಲ," ಅಂದ,
"ಮೇಲೆ ಹುಡುಕು."

ಮೇಲೆ ಹುಡುಕಿದೆ.
ಒಂದರ ಮೇಲೊಂದು ಬಿದ್ದ ನಿಯಮಗಳನ್ನು ಸರಿಸುತ್ತ,
ಅಡ್ಡಗೆರೆ ಎಳೆಸಿಕೊಂಡು ಸೋತವನ್ನು ದಾಟುತ್ತ,
ಸಾವಿರದ ನಾನೂರ ಹನ್ನೆರಡನೆಯ ಸಾಲಿನಲ್ಲಿ ಸಿಕ್ಕಿತು:
ತಲೆಬರಹಗಳನ್ನೆಲ್ಲ ದೊಡ್ಡಕ್ಷರ ಮಾಡತಕ್ಕದ್ದು.

ದೊಡ್ಡಕ್ಷರ!
ನಮ್ಮ ಲಿಪಿಯಲ್ಲಿ ವಾಕ್ಯ ಶುರುವಾಗುವುದೂ
ಮುಗಿಯುವಷ್ಟೇ ಎತ್ತರದಲ್ಲಿ.
ದೊರೆಗೂ ದನಕ್ಕೂ ಒಂದೇ ಅಳತೆ.
ಶೀರ್ಷಿಕೆಗೆಂದು ಉದ್ದನೆಯ ರೂಪಗಳೇನೋ ಇವೆ,
ನನ್ನ ಹತ್ತಿರದ ಫಾಂಟುಗಳಿಗೆ ಅವುಗಳ ಪರಿಚಯವಿಲ್ಲ.
ಎತ್ತರವಾಗಿ ಎಂದು ಅಪ್ಪಣೆಯಾಯಿತು;
ಆಗಲಾರದೆ ಪಾಪ, ಇಲ್ಲವಾದವು.

ಈ ಸಲ ಮರಿ ಥೀಮು ಮಾಡಿದೆ.
ಅದರೊಳಗೆ ಒಂದೇ ಸಾಲು: ಇದ್ದ ಹಾಗೇ ಇರಲಿ.
ಅದರ ಕೆಳಗೆ, ಮುಂದೆ ಯಾರಾದರೂ ಬಂದರೆ ಎಂದು,
ಒಂದು ಟಿಪ್ಪಣಿ: ಇದನ್ನು ಅಳಿಸಿದರೆ
ಒಬ್ಬ ಮುದುಕ ಕಾಣೆಯಾಗುತ್ತಾನೆ.

ಪುಟ ಲೋಡಾಯಿತು. ಆರು ಅಕ್ಷರ, ದುಂಡುದುಂಡಗೆ.
ಉಷಂಗಿ ನಗಲಿಲ್ಲ. ಬೆರಳು ಮಡಚಿ
ಗುಡಾಣಕ್ಕೆ ಬಡಿಯುವ ಹಾಗೆ ಪರದೆಗೆ ಎರಡು ಸಲ ಬಡಿದು
ಕಿವಿಗೊಟ್ಟ.
"ನಾದ ಇಲ್ಲ," ಅಂದ. "ಆದರೂ ನಡೆಯುತ್ತದೆ."

ನೀಲಿಯನ್ನು ಬದಲಿಸಲು ಮರೆತೆ. ಯಾರೂ ಕೇಳಲಿಲ್ಲ.

ತ್ಸಿಯಾಲಳ ಫೋನಿನಲ್ಲಿ ಮಾತ್ರ ಹಳೆಯ ಪುಟವೇ ಉಳಿದಿದೆ.
ಒರೆಸಿಕೊಡುತ್ತೇನೆ ಅಂದರೆ ಕೊಡುವುದಿಲ್ಲ.
ಅಂಗಡಿಗೆ ಬಂದವರಿಗೆಲ್ಲ ಚೌಕಗಳನ್ನು ತೋರಿಸಿ ಹೇಳುತ್ತಾಳೆ:
"ಪೆಟ್ಟಿಗೆ ಸಿದ್ಧ. ಲಾರಿ ಬರಬೇಕು ಅಷ್ಟೆ."