ಕಡಿದಾಗ

ಉಲಿಯಾಸ್ತೈ ಕಣಿವೆ. ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಪ್ಲಾನೆಟಾ ಬೈಕಿನ ಮಗ್ಗುಲಲ್ಲಿ ಕುರಿದೊಗಲು ಹಾಸಿ
ಅಪ್ಪ ಒರಗಿದ್ದಾನೆ, ಕೈಗವಸು ಹಲ್ಲಲ್ಲಿ ಕಚ್ಚಿ.
ಬರಿಬೆರಳಿಗೆ ಕಬ್ಬಿಣ ಅಂಟುತ್ತದೆ, ಆದರೂ
ಗವಸು ತೊಟ್ಟವನ ಮಾತು ಪಾಯಿಂಟು ಕೇಳುವುದಿಲ್ಲ.

ಮೂವತ್ತು ಚಳಿಗಾಲ ಇದೇ ಕೆಲಸ.
ಕರಕಲಾದ ಎರಡು ತುಟಿಗಳನ್ನು
ಅಮ್ಮನ ಉಗುರುಜ್ಜುವ ಅರದಿಂದ ತೀಡಿ,
ನಡುವೆ ಬೀಡಿ ಸುತ್ತುವ ತೆಳ್ಳನೆ ಹಾಳೆ ಸಿಕ್ಕಿಸಿ,
ಚಕ್ರ ತಿರುಗಿಸುತ್ತ ಮೆಲ್ಲಗೆ ಜಗ್ಗುವುದು.
ಹಾಳೆ ಸಡಿಲಿ ಕೈಗೆ ಬಂದ ಗಳಿಗೆಯೇ
ಕಿಡಿಯ ಗಳಿಗೆ.

"ಕೂಡಿಸಿದರೆ ಬೆಂಕಿ ಬರುತ್ತದೆ ಅಂದುಕೊಂಡಿದ್ದೀಯಾ ಸೊಲೊಂಗೋ?
ಕಡಿದರೆ ಬರುತ್ತದೆ.
ಸುರುಳಿಯಲ್ಲಿ ಹರಿಯುವಷ್ಟು ಹೊತ್ತು ಕರೆಂಟು ಸಾಧು.
ತಟ್ಟನೆ ತಡೆ ನೋಡು,
ಸುತ್ತ ಕಟ್ಟಿಕೊಂಡ ಕಾಂತವೆಲ್ಲ ಕುಸಿದು
ಆ ಹನ್ನೆರಡು ವೋಲ್ಟಿನ ಬಡಪಾಯಿ
ಪಕ್ಕದ ಸುರುಳಿಯಲ್ಲಿ ಇಪ್ಪತ್ತು ಸಾವಿರವಾಗಿ ಎದ್ದು
ಪ್ಲಗ್ಗಿನ ಕೊರಕಲು ಹಾರುತ್ತದೆ."

ನಾನು ತಂದದ್ದು
ಬೆಂಕಿಪೊಟ್ಟಣದಷ್ಟು ಕರಿಯ ಡಬ್ಬಿ, ಒಂದು ಸೆನ್ಸರು,
ಚಕ್ರಕ್ಕೆ ಅಂಟಿಸಲು ಗುಂಡಿಯಷ್ಟು ಆಯಸ್ಕಾಂತ.
ಅದು ಎದುರು ಹಾದರೆ ಇದಕ್ಕೆ ಗೊತ್ತಾಗುತ್ತದೆ.
ಡಬ್ಬಿಯೊಳಗಿನ ಟ್ರಾನ್ಸಿಸ್ಟರು ಕರೆಂಟು ಕಡಿಯುತ್ತದೆ.
ಸವೆಯಲು ತುಟಿಯಿಲ್ಲ, ಉಜ್ಜಲು ಕರಕಲಿಲ್ಲ.

"ಮುಟ್ಟದೆ ಅದಕ್ಕೆ ಹೇಗೆ ಗೊತ್ತಾಗುತ್ತೆ?"
"ಗುಡಾರದೊಳಗೆ ಕೂತೇ ನೀನು
ಬಂದದ್ದು ಯಾರ ಕುದುರೆ ಅಂತ ಹೇಳುವುದಿಲ್ಲವೇ?"

ಅಪ್ಪ ಡಬ್ಬಿ ತಿರುವಿದ. ಸ್ಕ್ರೂ ಇಲ್ಲ, ಸಂದಿಲ್ಲ,
ಒಳಗೆಲ್ಲ ಅರಗು ಹೊಯ್ದು ಮುಚ್ಚಿದ್ದಾರೆ.
"ಕಣಿವೆಯಾಚೆ ಕೆಟ್ಟರೆ
ಯಾವ ಅರದಿಂದ ಉಜ್ಜುತ್ತೀ ಇದನ್ನ?"

ಉತ್ತರ ನನ್ನಲ್ಲಿರಲಿಲ್ಲ. ತಂತಿ ಸಿಕ್ಕಿಸಿದೆ.

ಪಿಸ್ಟನ್ನು ತುದಿ ಮುಟ್ಟುವ ಮುನ್ನವೇ ಕಿಡಿ ಹೊಡೆಯಬೇಕು,
ಹೊತ್ತಿಕೊಳ್ಳಲು ಬೆಂಕಿಗೂ ಹೊತ್ತು ಬೇಕಲ್ಲ.
ಪ್ಲಗ್ಗು ಬಿಚ್ಚಿದ ತೂತಿಗೆ ಕಡ್ಡಿ ಇಳಿಸಿ
ಮೂರು ಮಿಲಿಮೀಟರು ಅಳೆದು ತಟ್ಟೆ ಬಿಗಿದೆ.

ಮೂರನೇ ಒದೆತಕ್ಕೆ ಬೈಕು ಕೆಮ್ಮಿ ಎದ್ದಿತು.
ಆಡುಗಳು ಮುಖ ತಿರುಗಿಸಿದವು.
ಅಮ್ಮ ಮರದ ಸೌಟಿನಿಂದ ಗಾಲಿಗೆ ಹಾಲೆರಚಿದಳು,
ಅದು ಬೀಳುವಷ್ಟರಲ್ಲೇ ಹರಳುಗಟ್ಟಿತು.

ಕಳಚಿದ ಪಾಯಿಂಟನ್ನು ನಶ್ಯದ ಚೀಲಕ್ಕೆ ಸೇರಿಸಿ
ಹಾಳೆಯನ್ನು ಎಲ್ಲಿಡುವುದೆಂದು ತಿಳಿಯದೆ
ಅಪ್ಪ ಅದರಲ್ಲಿ ತಂಬಾಕು ಸುತ್ತಿದ.
ಎರಡು ದಮ್ಮು ಎಳೆದು ಕತ್ತು ವಾಲಿಸಿ ಆಲಿಸಿದ.

"ಒಂದು ಕೂದಲೆಳೆ ಬೇಗ ಹೊಡೀತಿದೆ."

ಎಂಜಿನ್ನು ನಿಲ್ಲಿಸಿ ತಟ್ಟೆ ಸಡಿಲಿಸಿದೆ.
ಕಡ್ಡಿ ಇಳಿಸಿ ಮತ್ತೆ ಅಳೆದೆ.
ಮೂರೂಕಾಲು.