ಹೇಮಾವತಿ, ಎರಡನೆಯದು

ಅಕ್ಕಿಹೆಬ್ಬಾಳಿನ ಆಲೆಮನೆಯಲ್ಲಿ ಒಲೆಯ ಬಾಯಿ ನನ್ನದು.
ರಚ್ಚು ತಳ್ಳುತ್ತೇನೆ, ಹೊಗೆ ನೋಡುತ್ತೇನೆ.
ಕರಿದಾದರೆ ಗಾಳಿ ಸಾಲದು,
ಬೆಳ್ಳಗಾದರೆ ಗಾಳಿ ಅತಿಯಾಯಿತು.
ಇದನ್ನು ಕಲಿಸಿದ್ದು ಕಬ್ಬಲ್ಲ, ಕಡಲು.

ಹದಿನೈದು ವರ್ಷ, ನೀರಿನ ಗೆರೆಯ ಕೆಳಗೆ,
ಹೇಮಾವತಿಯೆಂಬ ಯುದ್ಧನೌಕೆಯ ಬಾಯ್ಲರ್ ಕೋಣೆಯಲ್ಲಿ
ಸ್ಟೋಕರ್ ಬೋರಲಿಂಗ ನಾನು.
ಊರವರು ಕೇಳುತ್ತಾರೆ, ಸಮುದ್ರ ಹೆಂಗಿತ್ತು?
ಏನು ಹೇಳಲಿ. ನಾನು ಕಂಡದ್ದು
ಅಂಗೈಯಗಲ ಗಾಜಿನ ಕಿಂಡಿ, ಅದರಾಚೆ ಉರಿ.
ಸಮುದ್ರವನ್ನು ಕಾಲಲ್ಲಿ ತಿಳಿದವನು:
ಎಡಕ್ಕೆ ತುಸು ವಾಲುವಳು ಅವಳು,
ಸೊಂಟದಲ್ಲಿ ಬಿಂದಿಗೆ ಇಟ್ಟವಳ ಹಾಗೆ.
ಯಾವ ಕಾಗದದಲ್ಲೂ ಬರೆದಿರಲಿಲ್ಲ ಅದು.

ಹೊರಡುವ ನಾಲ್ಕು ಗಂಟೆ ಮೊದಲೇ
ಒಲೆ ಹಚ್ಚಬೇಕಿತ್ತು ಅವಳಿಗೆ, ಮದುವೆಮನೆಯ ಅಡುಗೆಯಂತೆ.
ಪಾಳಿ ಮುಗಿಸಿ ಮೇಲೆ ಬಂದರೆ ಕುಂಞಿರಾಮನ್
ನಿಂಬೆ ಹಿಂಡಿ ಉಪ್ಪು ಕದಡಿದ ನೀರು ಕೊಡುವನು,
"ಕುಡಿ, ನಿನ್ನ ಮೈಯ ಉಪ್ಪೇ, ವಾಪಸು."

ಕೊನೆಯ ಸಂಜೆ, ಸೂರ್ಯ ಇಳಿಯುವಾಗ,
ಬಾವುಟ ಇಳಿಸಿದರಂತೆ. ನಾನು ಹೋಗಲಿಲ್ಲ.
ಆ ವಾರ ಕೊಪ್ಪರಿಗೆ ಸೀಳು ಬಿಟ್ಟಿತ್ತು.
ಆಮೇಲೆ ಯಾವುದೋ ಕೆಸರು ದಡಕ್ಕೆ ಎಳೆದು
ಟನ್ನಿಗಿಷ್ಟು ಎಂದು ಕತ್ತರಿಸಿದರು.
ನಮ್ಮ ಪಂಚಾಯಿತಿಯ ಹೊಸ ನೀರಿನ ಟ್ಯಾಂಕಿನ ಕಂಬಿಯಲ್ಲಿ
ಅವಳ ಪಕ್ಕೆಲುಬೊಂದು ಇದ್ದರೂ ಇರಬಹುದು.

ಮೊನ್ನೆ ಬಂದಳು ಹೊಸಬಳು. ಅದೇ ಹೆಸರು.
ಆಲೆಮನೆ ದ್ಯಾವಣ್ಣನ ಮಗಳು ತನುಜಾ
ಅದರಲ್ಲೇ ಕೆಲಸಕ್ಕಿದ್ದಾಳೆ; ಫೋಟೊ ಕಳಿಸಿದಳು.
ಇಸ್ತ್ರಿ ಹಾಕಿದ ಹಾಗೆ ಓರೆ ಓರೆ ಮೈ,
ಹೊರಗೊಂದು ಮೊಳೆಯಿಲ್ಲ, ಹಗ್ಗವಿಲ್ಲ.
ಚಿಮಣಿ ಎಲ್ಲಿ ಎಂದು ಬೆರಳಿಟ್ಟು ಹುಡುಕಿದೆ.
"ಗುಂಡಿ ಒತ್ತಿದ್ರೆ ಹೊರಡ್ತಾಳೆ ಮಾಮ.
ರೇಡಾರಿಗೆ ಮೀನು ದೋಣಿಯಷ್ಟೇ ಕಾಣೋದು."
ಕಾಣಬಾರದೆಂದೇ ಕಟ್ಟಿದ್ದನ್ನು
ಕೊಪ್ಪರಿಗೆ ಸುತ್ತ ನಿಂತು ಒಂಬತ್ತು ಜನ ನೋಡಿದೆವು.

ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ.
ಬೆವರು ಕಾಣದವಳಿಗೆ ನಮ್ಮ ಹೆಸರು ಯಾಕೆ?
ಹೆಣದ ಮೈಯ ಒಡವೆ ಬಿಚ್ಚಿ
ಮದುವಣಗಿತ್ತಿಗೆ ತೊಡಿಸಿದ ಹಾಗೆ.

ಇಲ್ಲಿಂದ ಹೊಳೆ ಕೂಗಳತೆ. ಹೋಗಿ ಕೂತೆ.
ಕೆಳಗೆ, ಕನ್ನಂಬಾಡಿಯ ಹಿನ್ನೀರಿನಲ್ಲಿ,
ಕಾವೇರಿಯ ಕೈ ಹಿಡಿಯುತ್ತಾಳೆ ಹೇಮಾವತಿ.
ಅಲ್ಲಿಂದಾಚೆ ಹೆಸರಿಲ್ಲ, ನೀರಷ್ಟೇ.
ಹಡಗಿನದು ತಿರುಗಾಮುರುಗಾ:
ಮೈ ಹೋಯಿತು, ಹೆಸರು ಉಳಿಯಿತು.
ಯಾವುದು ಮೇಲು ಎಂದು ಹೊಳೆಯನ್ನು ಕೇಳುವಷ್ಟು
ಹುಚ್ಚು ನನಗಿನ್ನೂ ಹಿಡಿದಿಲ್ಲ.
ಮುಖ ತೊಳೆದು ಬಂದೆ.

ನಿನ್ನೆ ರಾತ್ರಿ, ಎರಡನೆಯ ಪಾಕ ಏರುವ ಹೊತ್ತಿಗೆ, ಫೋನು.
"ಮೊದಲ ದೊಡ್ಡ ಅಲೆ ಸಿಕ್ಕಿತ್ತು ಮಾಮ. ಈಗ ತಾನೆ ಬಂದರಿಗೆ ಬಂದ್ವಿ.
ಎರಡು ಸಲ ವಾಂತಿ. ಅಪ್ಪಂಗೆ ಹೇಳ್ಬೇಡ."
ನಾನು ಕೇಳಿದ್ದೊಂದೇ: ಯಾವ ಕಡೆ ವಾಲ್ತಾಳೆ?
ನಕ್ಕಳು. "ವಾಲಲ್ಲ. ಹೊಟ್ಟೆ ಕೆಳಗೆ ರೆಕ್ಕೆ ಇದಾವೆ,
ಕಂಪ್ಯೂಟರ್ರು ನೋಡ್ಕೊಳ್ಳುತ್ತೆ."
ಆಮೇಲೆ ಮಾತು ನಿಂತಿತು.
ಅಷ್ಟು ದೂರದಿಂದಲೂ ಗೊತ್ತಾಯಿತು ನನಗೆ,
ಹುಡುಗಿ ಪಾದದಲ್ಲಿ ನೆನೆಯುತ್ತಿದ್ದಾಳೆ.

"ಇರು ಮಾಮ… ಬಲಕ್ಕೆ.
ಒಂಚೂರೇ ಚೂರು. ಬಲಕ್ಕೆ ಅನ್ಸುತ್ತೆ."

ಬಲಕ್ಕೆ.
ಹಾಗಾದರೆ ಇವಳು ಬೇರೆಯವಳೇ.
ಇರಲಿ ಬಿಡು, ಹೆಸರು ಇಟ್ಟುಕೊಳ್ಳಲಿ.

ತಲೆಯೆತ್ತಿ ನೋಡಿದರೆ ಹೊಗೆ ಕರಿದು.
ಮಾತಿನ ಭರದಲ್ಲಿ ರಚ್ಚು ಹೆಚ್ಚು ತಳ್ಳಿದ್ದೆ.
ಕೋಲು ಹಾಕಿ ಹಿಂದಕ್ಕೆಳೆದು
ಗಾಳಿಗೆ ದಾರಿ ಬಿಟ್ಟೆ.