ಸಿಮೆಂಟು ಚೀಲದ ಮೇಲೆ ಒಂದು ಗುಡ್ಡ

ಸಿಮೆಂಟು ಚೀಲದ ಒಳಪದರ ಕಿತ್ತು
ಧೂಳು ಕೊಡವಿ, ಮಂಡಿಯ ಮೇಲಿಟ್ಟು ನೀವಿದೆ.
ಮಡಿಕೆಯ ಗೆರೆಯೊಂದು ಹಾಗೇ ಉಳಿಯಿತು ನಡುವೆ.
ಇರಲಿ, ಅದೇ ದಾರಿ:
ಲೀಮಾದ ತೆಂಕಣ ಅಂಚಿನಲ್ಲಿ
ಬಸ್ಸು ಸಾಕಪ್ಪಾ ಅಂತ ತಿರುಗಿಕೊಳ್ಳುವ ಕಡೆಯಿಂದ
ನಾವು ಮೇಲಕ್ಕೆ ಹತ್ತುವ ದಾರಿ.

ಬಡಗಿಯ ಪೆನ್ಸಿಲು, ಚಪ್ಪಟೆ ಮೊನೆ.
ನಾಜೂಕಿನದೇನೂ ಬಗ್ಗದು ಇದಕ್ಕೆ.
ನಮ್ಮ ಮನೆಗಳಿಗೆ ಅದೇ ಸರಿಹೋಯಿತು:
ನಾಲ್ಕು ಗೀಟು ಹಲಗೆ, ಮೇಲೆ ತಗಡು,
ತಗಡಿನ ಮೇಲೆ ಕಲ್ಲು, ಸವೆದ ಟಯರು.
ಮನೆಗೊಂದು ನೀಲಿ ಪೀಪಾಯಿ.
ನೀಲಿ ಎಲ್ಲಿಂದ ತರಲಿ?
ಒತ್ತಿ ತೀಡಿದೆ. ನೋಡುವವರು ನೀಲಿ ಅಂದುಕೊಳ್ಳಲಿ.

ಮಂಜನ್ನು ಬರೆಯಲೇ ಇಲ್ಲ.
ಜೂನಿನ ಮಂಜು, ಮಳೆಯಾಗುವ ಯೋಗ್ಯತೆ ಇಲ್ಲದ್ದು,
ಒಗೆದ ಬಟ್ಟೆಯನ್ನು ಮೂರು ದಿನ ಒದ್ದೆ ಇಡುವಷ್ಟೇ ಅದರ ಪ್ರತಾಪ.
ಮೇಲರ್ಧ ಕಾಗದ ಖಾಲಿ ಬಿಟ್ಟೆ.
ಕಂದು ಮಂಜು. ಇಲ್ಲಿ ಅದು ಸುಳ್ಳೇನಲ್ಲ.

ಮೊದಲು ಬಂದು ಇಣುಕಿದವಳು ಎರ್ಮೆಲಿಂದಾ,
ಕೈಯಲ್ಲಿ ಅರ್ಧ ಸುಲಿದ ಆಲೂಗಡ್ಡೆ.
"ನನ್ನ ಮನೆಗೆ ಬಾಗಿಲೇ ಇಟ್ಟಿಲ್ಲವಲ್ಲ!"
"ಇರುವುದು ಪರದೆ ತಾನೇ?"
"ಮುಂದಿನ ತಿಂಗಳು ಬರುತ್ತೆ. ಮರದ್ದು. ಬರಿ."
ಬರೆದೆ.
"ಚಿಲಕ?"
ಚಿಲಕವನ್ನೂ.

ಅಲ್ಲಿಗೆ ಕೆಟ್ಟಿತು ಕೆಲಸ.
ಮೋಟೊ ಓಡಿಸುವ ವಿಲ್ಮರ್ ಮೂರನೆಯ ಚಕ್ರ ಕೇಳಿದ,
ಹನ್ನೊಂದು ದಿನದಿಂದ ಇಟ್ಟಿಗೆಯ ಮೇಲೆ ಕೂತಿದೆ ಅವನ ಗಾಡಿ.
ಸಾಮೂಹಿಕ ಅಡುಗೆಮನೆಯ ದೋನ್ಯಾ ಸಾಂತೋಸಾ
ಹಂಡೆ ಹಿಗ್ಗಿಸು ಎಂದಳು,
ಈಗ ನೂರಿಪ್ಪತ್ತು ಊಟ, ಎಂಬತ್ತಲ್ಲ.
ಮುದುಕರಿಗೆ ಮೆಟ್ಟಿಲ ಪಕ್ಕ ಹಿಡಿಗಂಬಿ ಬೇಕು.
ಮೆಟ್ಟಿಲಿಗೆ ಹಳದಿ ಬಳಿದು ಹೋದ ಪುರಸಭೆ
ಕಂಬಿ ಚುನಾವಣೆ ಕಳೆದ ಮೇಲೆ ಅಂದಿದೆ.
ಎಳೆದೆ ಉದ್ದಕ್ಕೊಂದು ಗೆರೆ.
ಯಾರೋ ಚಪ್ಪಾಳೆ ತಟ್ಟಿದರು, ಕೆಮ್ಮುತ್ತ.

ಆಮೇಲೆ ಕೆಳತಿರುವಿನ ಯೆಸೆನಿಯಾ, ಏಳೋ ಎಂಟೋ ವರ್ಷ,
ತಗಡಿನ ಮೇಲಿನ ನಾಯಿಗೆ ಬೆರಳಿಟ್ಟು
"ಇದು ಪಿರಾತಾ ಅಲ್ಲ" ಅಂದಳು.
ಅಲ್ಲ. ಪಿರಾತಾ ಮೇ ತಿಂಗಳಲ್ಲಿ
ನೀರಿನ ಲಾರಿಯ ಹಿಂಗಾಲಿಗೆ ಸಿಕ್ಕಿತು.
"ನಂಗೊತ್ತು. ಅದರ ಒಂದು ಕಿವಿ ಹೀಗಿತ್ತು"
ಎಂದು ತನ್ನ ಕಿವಿಯನ್ನೇ ಮಡಿಸಿ ಹಿಡಿದಳು,
ಕೆಂಪಾಗುವ ತನಕ ಬಿಡಲಿಲ್ಲ.
ಚಪ್ಪಟೆ ಮೊನೆಗೆ ಕಿವಿ ದಕ್ಕುವುದಿಲ್ಲ.
ಕಲ್ಲಿಗೆ ಉಜ್ಜಿ ಚೂಪು ಮಾಡಿಕೊಂಡೆ,
ಬೆಳಗಿನಿಂದ ಅದೇ ಮೊದಲು.

ಬಾಲ ಇನ್ನೂ ಬಾಕಿ. ಕೆಳಗೆ ಹಾರನ್ನು.
ಒಂದು ಉದ್ದ, ಎರಡು ಗಿಡ್ಡ.
ಗುಡ್ಡದ ತುಂಬ ಮುಚ್ಚಳಗಳ ಸದ್ದು,
ಸುತ್ತ ನಿಂತಿದ್ದವರು ಒಬ್ಬರೂ ಇಲ್ಲ.
ಆಗ ಹೊಳೆಯಿತು: ಇಷ್ಟು ಜನ ಕೇಳಿದರಲ್ಲ,
ನಲ್ಲಿ ಬರಿ ಅಂತ ಯಾರೂ ಅನ್ನಲಿಲ್ಲ.

ಕಾಗದವನ್ನು ಹಳೆಯ ಗೆರೆಯಲ್ಲೇ ಮಡಿಚಿ
ಕಲ್ಲಿನಡಿ ತುರುಕಿ
ನಾನೂ ಓಡಿದೆ, ನನ್ನ ಪೀಪಾಯಿಯ ಕಡೆ.